ಗಿರಣಿಯ ಶನಿವಾರ, ನಮ್ಮ ಹೊನಲು ಬೆಳಕು

ಪ್ರಶ್ನೆ: ನಾನು ಉಡುಪಿಯಲ್ಲಿ ಬಿ.ಪಿ.ಎಡ್. (ದೈಹಿಕ ಶಿಕ್ಷಣದ ಪದವಿ) ಓದುತ್ತಿದ್ದೇನೆ. ಊರು ಕಾರ್ಕಳದ ಹತ್ತಿರ. ಕೈಗಾರಿಕಾ ಕ್ರಾಂತಿಯಿಂದ ಆಧುನಿಕ ಕ್ರೀಡೆ ಹುಟ್ಟಿತು ಅಂತ ನಮ್ಮ ಪಠ್ಯದಲ್ಲಿದೆ. ಹೇಗೆ ಅನ್ನುವುದು ಎರಡೇ ಸಾಲಿನಲ್ಲಿ ಮುಗಿದಿದೆ. ನಮ್ಮ ಕಡೆ ಕಾರ್ಖಾನೆ ಬರುವ ಮೊದಲೇ ಕಂಬಳ ಇತ್ತು, ಪೊಳಲಿ ಚೆಂಡು ಇತ್ತು. ಹಾಗಾದರೆ ಈ ಮಾತು ನಮ್ಮ ಜಿಲ್ಲೆಗಳಿಗೆ ಹೊಂದುತ್ತದಾ? ಸೆಮಿನಾರಿನಲ್ಲಿ ಕಂಬಳವನ್ನು ಜಾನಪದ ಅಂತ ಹೇಳಬೇಕಾ, ಕ್ರೀಡೆ ಅಂತ ಹೇಳಬೇಕಾ?

ಉತ್ತರ: ನಿಮ್ಮ ಪಠ್ಯದ ಮಾತು ಅರ್ಧ ಸರಿ. ಆಟ ಯಾವಾಗಲೂ ಇತ್ತು, ಅದಕ್ಕೆ ಕಾರ್ಖಾನೆ ಬೇಕಿರಲಿಲ್ಲ. ಕಾರ್ಖಾನೆ ಬಂದ ಮೇಲೆ ಬದಲಾದದ್ದು ಎರಡು ಸಂಗತಿ. ಜನರ ಹೊತ್ತು ಯಾರ ಕೈಯಲ್ಲಿದೆ ಅನ್ನುವುದು ಬದಲಾಯಿತು. ಎದುರು ನಿಂತು ಆಡುವವರು ಯಾರು ಅನ್ನುವುದು ಬದಲಾಯಿತು. ಮೊದಲು ಪಕ್ಕದೂರಿನವರ ಜೊತೆ ಆಡುತ್ತಿದ್ದರು. ಆಮೇಲೆ ಮುಖ ಪರಿಚಯವೇ ಇಲ್ಲದವರ ಜೊತೆ ಆಡಬೇಕಾಯಿತು. ಬರೆದಿಟ್ಟ ನಿಯಮ, ವಾಚು, ಟಿಕೆಟು, ರೆಫ್ರಿ, ಅಸೋಸಿಯೇಶನ್ ಎಲ್ಲವೂ ಬೆಳೆದದ್ದು ಈ ಎರಡರಿಂದ. ನಮ್ಮ ಕರಾವಳಿಯಲ್ಲೂ ಇದೇ ಆಯಿತು, ಆದರೆ ಬೇರೆ ದಾರಿಯಲ್ಲಿ.

ನೀವೇ ಹೇಳಿದ ಪೊಳಲಿ ಚೆಂಡನ್ನು ನೋಡೋಣ. ಪೊಳಲಿ ರಾಜರಾಜೇಶ್ವರಿ ದೇವಸ್ಥಾನದ ತಿಂಗಳ ಜಾತ್ರೆ ಮುಗಿಯುವ ಹೊತ್ತಿಗೆ ಐದು ದಿನ ಚೆಂಡು. ಚರ್ಮದ ದೊಡ್ಡ ಚೆಂಡು, ಚೆಂಡಿನ ಗದ್ದೆ, ಎರಡು ಕಡೆಯ ಜನ. ಈಗ ಇಂಗ್ಲೆಂಡಿನ ಡರ್ಬಿಶೈರಿನಲ್ಲಿ ಆಶ್‌ಬೋರ್ನ್ ಅನ್ನುವ ಸಣ್ಣ ಪೇಟೆಗೆ ಬನ್ನಿ. ಕ್ರೈಸ್ತರ ಲೆಂಟ್ ಉಪವಾಸ ಶುರುವಾಗುವ ಮಂಗಳವಾರ ಮತ್ತು ಬುಧವಾರ ಅಲ್ಲೂ ಚೆಂಡು. ಹೊಳೆಯ ಈಚೆ ಹುಟ್ಟಿದವರು ಒಂದು ಕಡೆ, ಆಚೆ ಹುಟ್ಟಿದವರು ಇನ್ನೊಂದು ಕಡೆ. ಗೋಲುಗಳ ನಡುವೆ ಮೂರು ಮೈಲಿ ದೂರ. ಬೀದಿ, ಗದ್ದೆ, ಹೊಳೆ ಎಲ್ಲವೂ ಮೈದಾನವೇ. ಮಧ್ಯಾಹ್ನ ಶುರುವಾದರೆ ರಾತ್ರಿವರೆಗೂ ನಡೆಯುತ್ತದೆ, ಈಗಲೂ. ಒಂದು ಕಾಲದಲ್ಲಿ ಇಂಗ್ಲೆಂಡಿನ ಎಷ್ಟೋ ಊರುಗಳಲ್ಲಿ ಫುಟ್‌ಬಾಲ್ ಅಂದರೆ ಇದೇ ಆಗಿತ್ತು.

ಎರಡೂ ಕಡೆ ಆಟದ ದಿನ ಗೊತ್ತಾಗುವುದು ಹಬ್ಬದ ಲೆಕ್ಕದಿಂದ. ನೀವು ಯಾವ ಕಡೆಯವರು ಅನ್ನುವುದು ಊರಿನಿಂದಲೇ ತೀರ್ಮಾನ. ನಿಯಮ ಎಲ್ಲರಿಗೂ ಗೊತ್ತು, ಹಿಂದೆ ಯಾರೂ ಬರೆದಿಟ್ಟಿರಲಿಲ್ಲ. ಗೊತ್ತಿದ್ದವರೇ ಗೊತ್ತಿದ್ದವರ ಜೊತೆ ಆಡುವಾಗ ಬರೆಯುವ ಅಗತ್ಯವಾದರೂ ಏನು?

ಇಂಗ್ಲೆಂಡಿನಲ್ಲಿ ಇಂಥ ಆಟಗಳಿಗೆ ಮೊದಲ ಪೆಟ್ಟು ಬಿದ್ದದ್ದು ಬೇಲಿಯಿಂದ. ಊರೊಟ್ಟಿನ ಜಾಗಗಳಿಗೆ ದೊಡ್ಡ ಜಮೀನ್ದಾರರು ಬೇಲಿ ಹಾಕಿಕೊಂಡರು. ಆಡಲು ಬೀದಿ ಉಳಿಯಿತು. 1835ರ ಹೆದ್ದಾರಿ ಕಾಯ್ದೆ ಅದನ್ನೂ ಕಿತ್ತುಕೊಂಡಿತು. ದಾರಿಹೋಕರಿಗೆ ತೊಂದರೆಯಾಗುವ ಹಾಗೆ ಬೀದಿಯಲ್ಲಿ ಫುಟ್‌ಬಾಲ್ ಆಡಿದರೆ 40 ಶಿಲಿಂಗ್‌ವರೆಗೆ ದಂಡ. ಅದೇ 1835ರಲ್ಲಿ ಪ್ರಾಣಿಹಿಂಸೆ ತಡೆಯುವ ಕಾಯ್ದೆಯೂ ಬಂತು. ಗೂಳಿಯ ಮೇಲೆ ನಾಯಿ ಬಿಡುವುದು, ಕೋಳಿ ಅಂಕ ಎಲ್ಲ ನಿಷೇಧವಾಯಿತು. ಪೊಲೀಸರು ಬಂದರೆ ಕೋಳಿ ಕಂಕುಳಿಗೆ ಸೇರಿಸಿಕೊಂಡು ಗುಡ್ಡೆ ಹತ್ತುವ ಕತೆ ನಮ್ಮೂರಿನದು ಮಾತ್ರ ಅಂದುಕೊಳ್ಳಬೇಡಿ! ಇದರಲ್ಲಿ ಒಂದು ಮರ್ಮ ಇದೆ. ಬಡವರ ಕೋಳಿ ಅಂಕ 1835ರಲ್ಲೇ ನಿಷೇಧವಾಯಿತು. ಶ್ರೀಮಂತರು ಕುದುರೆ ಏರಿ ನಾಯಿ ಬಿಟ್ಟು ನರಿ ಬೇಟೆಯಾಡುವುದಕ್ಕೆ ಇಂಗ್ಲೆಂಡಿನಲ್ಲಿ ನಿಷೇಧ ಬಂದದ್ದು 2004ರ ಕಾಯ್ದೆಯಿಂದ. ಯಾವ ಆಟ ಸಭ್ಯ, ಯಾವುದು ಅಸಭ್ಯ ಅಂತ ತೀರ್ಮಾನಿಸುವವರು ಯಾರು ಅನ್ನುವ ಪ್ರಶ್ನೆಯನ್ನು ಕೈಯಲ್ಲೇ ಇಟ್ಟುಕೊಳ್ಳಿ. ಮುಂದೆ ಕಂಬಳಕ್ಕೆ ಬರುವಾಗ ಬೇಕಾಗುತ್ತದೆ.

ಈಗ ಹೊತ್ತಿನ ವಿಷಯ. ಮನೆಯಲ್ಲಿ ಮಗ್ಗ ಇಟ್ಟುಕೊಂಡ ನೇಕಾರ ತನ್ನ ದಿನಕ್ಕೆ ತಾನೇ ಯಜಮಾನ. ವಾರದ ಕೊನೆಗೆ ರಾತ್ರಿ ಕೂತು ನೇಯುತ್ತಿದ್ದ, ಸೋಮವಾರ ಕೆಲಸಕ್ಕೆ ಚಕ್ಕರ್ ಹೊಡೆಯುತ್ತಿದ್ದ. ಇದು ಎಷ್ಟು ಸಾಮಾನ್ಯ ಅಂದರೆ ಅದಕ್ಕೆ ‘ಸಂತ ಸೋಮವಾರ’ ಅಂತ ತಮಾಷೆಯ ಹೆಸರೇ ಇತ್ತು. ನಮ್ಮಲ್ಲೂ ಊರಲ್ಲಿ ನೇಮ (ದೈವದ ಕೋಲ) ಇದ್ದರೆ ಮರುದಿನ ಕೆಲಸಕ್ಕೆ ಯಾರು ಬರುತ್ತಾರೆ ಹೇಳಿ? ಆವಿ ಎಂಜಿನ್ ಬಂದ ಮೇಲೆ ಇದು ನಡೆಯಲಿಲ್ಲ. ಬಾಯ್ಲರಿಗೆ ಬೆಂಕಿ ಹಾಕಿದರೆ ಎಲ್ಲರೂ ಒಂದೇ ಹೊತ್ತಿಗೆ ಮಗ್ಗದ ಎದುರು ಇರಬೇಕು. ಆಟಕ್ಕೆ ಹೊತ್ತೇ ಇಲ್ಲದ ಕೆಲವು ದಶಕಗಳು ಹೀಗೆ ಹೋದವು. ಕೈಗಾರಿಕೆ ಬಂದ ಕೂಡಲೇ ಕ್ರೀಡೆ ಅರಳಿತು ಅಂತ ಬರೆಯುವವರು ಈ ದಶಕಗಳನ್ನು ಮರೆಯುತ್ತಾರೆ. ಮೊದಲು ಆದದ್ದು ನಷ್ಟ.

ತಿರುವು ಕೊಟ್ಟದ್ದು 1850ರ ಕಾರ್ಖಾನೆ ಕಾಯ್ದೆ. ಬಟ್ಟೆ ಗಿರಣಿಗಳಲ್ಲಿ ಶನಿವಾರ ಮಧ್ಯಾಹ್ನ 2 ಗಂಟೆಗೆ ಕೆಲಸ ಬಿಡಬೇಕು ಅಂತ ಅದು ಹೇಳಿತು. ಹೇಳಿದ್ದು ಹೆಂಗಸರು ಮತ್ತು ಎಳೆಯರ ವಿಷಯದಲ್ಲಿ ಮಾತ್ರ. ಆದರೆ ಅವರಿಲ್ಲದೆ ಗಿರಣಿ ಓಡುವುದಿಲ್ಲ. ಹಾಗಾಗಿ ಗಂಡಸರಿಗೂ ಬಿಡುವು ಸಿಕ್ಕಿತು. ಹೆಂಗಸರ ಹೆಸರಿನಲ್ಲಿ ಬಂದ ಬಿಡುವಿನಲ್ಲಿ ಗಂಡಸರು ಫುಟ್‌ಬಾಲ್ ಆಡಿದರು, ನೋಡಿದರು. ಭಾನುವಾರ ಚರ್ಚಿಗೆ ಮೀಸಲು. ಆಟಕ್ಕೆ ಉಳಿದದ್ದು ಶನಿವಾರ ಮಧ್ಯಾಹ್ನ. 2ಕ್ಕೆ ಗಿರಣಿ ಬಿಟ್ಟರೆ 3ಕ್ಕೆ ಪಂದ್ಯ. ಇಂಗ್ಲಿಷ್ ಫುಟ್‌ಬಾಲಿನಲ್ಲಿ ಶನಿವಾರ 3 ಗಂಟೆ ಅನ್ನುವುದು ಇವತ್ತಿಗೂ ಉಳಿದಿರುವುದು ಇದೇ ಲೆಕ್ಕದಿಂದ.

ಎರಡನೆಯದು ರೈಲು. 1830ರಲ್ಲಿ ಲಿವರ್‌ಪೂಲ್‌ನಿಂದ ಮ್ಯಾಂಚೆಸ್ಟರಿಗೆ ರೈಲು ಓಡಿತು. 1846ರಲ್ಲಿ ನಾಟಿಂಗ್‌ಹ್ಯಾಮಿನ ವಿಲಿಯಂ ಕ್ಲಾರ್ಕ್ ಒಂದು ಕ್ರಿಕೆಟ್ ತಂಡ ಕಟ್ಟಿದ. ಕಸುಬಿನಲ್ಲಿ ಇಟ್ಟಿಗೆ ಕಟ್ಟುವ ಮೇಸ್ತ್ರಿ. ದೇಶದ ಒಳ್ಳೊಳ್ಳೆ ಆಟಗಾರರನ್ನು ಸೇರಿಸಿಕೊಂಡು ಊರೂರು ಸುತ್ತಿದ, ಹಣಕ್ಕೆ ಆಡಿಸಿದ. ರೈಲು ಹಬ್ಬಿದ ಹಾಗೆ ಇಂಥ ತಿರುಗಾಟ ಸುಲಭವಾಯಿತು. ಆಮೇಲೆ ಪತ್ರಿಕೆ ಅಗ್ಗವಾಯಿತು, ಟೆಲಿಗ್ರಾಫ್ ಬಂತು, ಸಂಜೆಗೆ ಸ್ಕೋರು ಪೇಟೆ ತಲುಪಿತು. ಇಷ್ಟು ಸಾಕು, ಇದು ನಿಮ್ಮ ಪಠ್ಯದಲ್ಲೂ ಇರುತ್ತದೆ.

ಪಠ್ಯದಲ್ಲಿ ಇಲ್ಲದಿರುವುದು ಹುಲ್ಲಿನ ಕತೆ. 1830ರಲ್ಲಿ ಎಡ್ವಿನ್ ಬಡ್ಡಿಂಗ್ ಎಂಬಾತ ಹುಲ್ಲು ಕತ್ತರಿಸುವ ಯಂತ್ರ ಮಾಡಿದ. ಅವನಿದ್ದ ಸ್ಟ್ರೌಡ್ ಸೀಮೆ ಉಣ್ಣೆ ಬಟ್ಟೆಗೆ ಹೆಸರಾದದ್ದು. ನೇಯ್ದ ಬಟ್ಟೆಯ ಮೇಲಿನ ಜುಂಗನ್ನು ಸಮನಾಗಿ ಕತ್ತರಿಸುವ ಯಂತ್ರ ಗಿರಣಿಗಳಲ್ಲಿತ್ತು. ಅದನ್ನೇ ನೋಡಿ ಹುಲ್ಲಿಗೂ ಹೊಂದಿಸಿದ. ಅದಕ್ಕಿಂತ ಮೊದಲು ಮೈದಾನದ ಹುಲ್ಲು ಕುರಿ ಮೇಯಿಸಿ ಅಥವಾ ಕುಡುಗೋಲಿನಿಂದ ಸವರಿ ಸಣ್ಣದಾಗಬೇಕಿತ್ತು. ಕ್ರಿಕೆಟ್ಟಿನ ನುಣ್ಣನೆ ಪಿಚ್, ಲಾನ್ ಟೆನಿಸಿನ ಅಂಗಳ ಎಲ್ಲದರ ಹಿಂದೆ ಒಂದು ಬಟ್ಟೆ ಗಿರಣಿಯ ಯಂತ್ರ ಇದೆ. ಪುಟಿಯುವ ಚೆಂಡೂ ಅಷ್ಟೇ. ಚಾರ್ಲ್ಸ್ ಗುಡ್‌ಇಯರ್ 1844ರಲ್ಲಿ ರಬ್ಬರನ್ನು ಗಂಧಕದ ಜೊತೆ ಕಾಯಿಸಿ ಗಟ್ಟಿ ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆಯದೆ ಇದ್ದಿದ್ದರೆ ಹಂದಿಯ ಮೂತ್ರಕೋಶ ಊದಿಯೇ ಆಡುತ್ತಿದ್ದರೋ ಏನೋ.

ನಿಯಮ ಬರೆದದ್ದು ಯಾಕೆ ಅಂತ ಅರ್ಥವಾಗಬೇಕಾದರೆ 1863 ನೋಡಬೇಕು. ಆಗ ದೊಡ್ಡವರ ಮಕ್ಕಳು ಓದುವ ಒಂದೊಂದು ಶಾಲೆಯಲ್ಲೂ ಒಂದೊಂದು ಫುಟ್‌ಬಾಲ್ ಇತ್ತು. ರಗ್ಬಿ ಶಾಲೆಯಲ್ಲಿ ಚೆಂಡು ಎತ್ತಿಕೊಂಡು ಓಡಬಹುದು, ಈಟನ್‌ನಲ್ಲಿ ಆಗುವುದಿಲ್ಲ. ಶಾಲೆಯೊಳಗೆ ಇದ್ದಷ್ಟು ದಿನ ತೊಂದರೆ ಇಲ್ಲ. ಕಾಲೇಜಿನಲ್ಲಿ, ಲಂಡನ್ನಿನ ಆಫೀಸುಗಳಲ್ಲಿ ಈ ಹುಡುಗರು ಒಟ್ಟಾದಾಗ ಜಗಳ. ಅಕ್ಟೋಬರ್ 26, 1863ರಂದು ಲಂಡನ್ನಿನ ಒಂದು ಪಾನಗೃಹದಲ್ಲಿ ಸೇರಿ ಫುಟ್‌ಬಾಲ್ ಅಸೋಸಿಯೇಶನ್ ಕಟ್ಟಿದರು. ಮುಂದಿನ ಸಭೆಗಳಲ್ಲಿ ದೊಡ್ಡ ವಾದ ನಡೆದದ್ದು ಎದುರಾಳಿಯ ಮೊಳಕಾಲಿನ ಕೆಳಗೆ ಒದೆಯಬಹುದೋ ಬೇಡವೋ ಅನ್ನುವುದರ ಮೇಲೆ. ಒದೆಯಲು ಬಿಟ್ಟರೆ ಬುದ್ಧಿ ಬಂದ ದೊಡ್ಡವರು ಯಾರೂ ಆಡಲು ಬರುವುದಿಲ್ಲ, ಆಟ ಶಾಲೆ ಹುಡುಗರಿಗೇ ಉಳಿಯುತ್ತದೆ ಅಂತ ಒಂದು ಕಡೆ. ಒದೆತ ತೆಗೆದರೆ ಆಟದಲ್ಲಿ ಗಂಡಸುತನ ಏನುಳಿಯಿತು ಅಂತ ಇನ್ನೊಂದು ಕಡೆ. ಒದೆತ ಬೇಡ ಅನ್ನುವವರು ಗೆದ್ದರು. ಬ್ಲ್ಯಾಕ್‌ಹೀತ್ ಕ್ಲಬ್ಬಿನವರು ಎದ್ದು ಹೋದರು. 1871ರಲ್ಲಿ ರಗ್ಬಿ ಯೂನಿಯನ್ ಬೇರೆಯಾಗಿ ಹುಟ್ಟಿತು.

ಇಲ್ಲಿವರೆಗೆ ಇದು ದೊಡ್ಡ ಮನೆತನದವರ ಕತೆ. ನನಗೆ ಇಷ್ಟದ ಭಾಗ ಇನ್ನು ಮುಂದೆ ಇದೆ. ಆ ಫುಟ್‌ಬಾಲ್ ಅಸೋಸಿಯೇಶನ್ ನಡೆಸುವ ಎಫ್.ಎ. ಕಪ್‌ನ 1883ರ ಫೈನಲ್. ಒಂದು ಕಡೆ ಈಟನ್ ಶಾಲೆಯ ಹಳೆ ವಿದ್ಯಾರ್ಥಿಗಳು, ಹಿಂದಿನ ವರ್ಷದ ಚಾಂಪಿಯನ್ನರು. ಇನ್ನೊಂದು ಕಡೆ ಲ್ಯಾಂಕಶೈರಿನ ಗಿರಣಿ ಪೇಟೆಯಿಂದ ಬಂದ ಬ್ಲ್ಯಾಕ್‌ಬರ್ನ್ ಒಲಿಂಪಿಕ್. ತಂಡದಲ್ಲಿ ನೇಕಾರರು, ನೂಲುವವರು, ಕೊಳಾಯಿ ಕೆಲಸದವರು. ಅವರ ಖರ್ಚಿಗೆ ಹಣ ಹಾಕಿದ್ದು ಊರಿನ ಕಬ್ಬಿಣದ ಎರಕದ ಕಾರ್ಖಾನೆಯ ಮಾಲಿಕ. ಪಂದ್ಯಕ್ಕೆ ಮೊದಲು ಅವರನ್ನು ಸಮುದ್ರ ತೀರದ ಬ್ಲ್ಯಾಕ್‌ಪೂಲಿಗೆ ಕಳಿಸಿ ತಯಾರು ಮಾಡಿಸಿದ. ಆಗ ಇದು ಹೊಸದು, ಕೆಲವರಿಗೆ ಮೋಸದ ಹಾಗೆಯೇ ಕಂಡಿತು. ಹೆಚ್ಚುವರಿ ಹೊತ್ತಿನ ಆಟದಲ್ಲಿ ಕಾರ್ಮಿಕರು 2-1ರಿಂದ ಗೆದ್ದರು. ಅಲ್ಲಿಂದ ಮುಂದೆ ಹಳೆ ವಿದ್ಯಾರ್ಥಿಗಳ ತಂಡ ಆ ಕಪ್ ಗೆದ್ದದ್ದಿಲ್ಲ.

ಎರಡು ವರ್ಷದಲ್ಲಿ, 1885ಕ್ಕೆ, ಆಟಗಾರನಿಗೆ ಹಣ ಕೊಡುವುದು ಕಾನೂನುಬದ್ಧವಾಯಿತು. ಹಣ ಕೊಡಬೇಕಾದರೆ ವಾರ ವಾರ ಟಿಕೆಟ್ ಮಾರಬೇಕು. ಟಿಕೆಟ್ ಮಾರಬೇಕಾದರೆ ಯಾವಾಗ ಯಾರ ಜೊತೆ ಪಂದ್ಯ ಅಂತ ಮೊದಲೇ ಹೇಳಬೇಕು. ಹೀಗೆ 1888ರಲ್ಲಿ 12 ಕ್ಲಬ್ಬುಗಳ ಫುಟ್‌ಬಾಲ್ ಲೀಗ್ ಶುರುವಾಯಿತು. ಆ 12ರಲ್ಲಿ ಲಂಡನ್ನಿನ ಒಂದೂ ಇಲ್ಲ. ಎಲ್ಲ ಲ್ಯಾಂಕಶೈರ್ ಮತ್ತು ಮಧ್ಯ ಇಂಗ್ಲೆಂಡಿನ ಕೈಗಾರಿಕಾ ಪೇಟೆಗಳವು. ಐ.ಪಿ.ಎಲ್., ಪ್ರೊ ಕಬಡ್ಡಿಯ ಲೀಗ್ ಪದ್ಧತಿಗೆ ಒಂದು ಮೂಲ ಅಲ್ಲಿದೆ.

ರಗ್ಬಿಯವರು ಮಾತ್ರ ಒಪ್ಪಲಿಲ್ಲ. ಶನಿವಾರವೂ ಪಾಳಿ ಇದ್ದ ಗಣಿ ಕಾರ್ಮಿಕ ಆಡಲು ಬಂದರೆ ಅವನ ಕೂಲಿ ಹೋಗುತ್ತದೆ. ಆ ಕೂಲಿಯನ್ನು, ದಿನಕ್ಕೆ 6 ಶಿಲಿಂಗ್‌ವರೆಗೆ, ತುಂಬಿ ಕೊಡೋಣ ಅಂತ ಉತ್ತರದ ಕ್ಲಬ್ಬುಗಳು ಕೇಳಿದವು. ಲಂಡನ್ನಿನವರು ಆಗದು ಅಂದರು. 1895ರಲ್ಲಿ ಹಡರ್ಸ್‌ಫೀಲ್ಡಿನ ಒಂದು ಹೋಟೆಲಿನಲ್ಲಿ ಸೇರಿ ಉತ್ತರದವರು ಬೇರೆಯಾದರು. ರಗ್ಬಿ ಲೀಗ್, ರಗ್ಬಿ ಯೂನಿಯನ್ ಅಂತ ಎರಡು ಆಟ ಇರುವುದಕ್ಕೆ ಕಾರಣ ಇದೇ: ಒಂದು ದಿನದ ಕೂಲಿ. ದೋಣಿ ಸ್ಪರ್ಧೆಯಲ್ಲಿ ಇನ್ನೂ ಮಜಾ ಇದೆ. ಥೇಮ್ಸ್ ನದಿಯ ಹೆನ್ಲಿ ಸ್ಪರ್ಧೆಯ 1879ರ ನಿಯಮದ ಪ್ರಕಾರ ಕೂಲಿಗೆ ಕೈಕೆಲಸ ಮಾಡುವ ಮೆಕ್ಯಾನಿಕ್, ಕುಶಲಕರ್ಮಿ, ಕೂಲಿಯಾಳು ಯಾರೂ ‘ಅಮೆಚೂರ್’ (ಹಣಕ್ಕಲ್ಲದೆ ಆಡುವವರು) ಅಲ್ಲ, ಅವರಿಗೆ ಪ್ರವೇಶ ಇಲ್ಲ. ಕೈಯಲ್ಲಿ ದುಡಿದವನಿಗೆ ತೋಳು ಗಟ್ಟಿಯಿರುತ್ತದೆ ಅನ್ನುವ ಹೆದರಿಕೆ ಇರಬಹುದು. ನನ್ನ ಮಟ್ಟಿಗೆ ಅಮೆಚೂರ್ ಅನ್ನುವ ಆದರ್ಶದ ತುಂಬಾ ಭಾಗ ಸುಮ್ನೆ ವರ್ಗದ ಬೇಲಿ.

ಭಾರತದಲ್ಲಿ ಆ ಬೇಲಿ ಜಾತಿಯದೂ ಆಯಿತು. 1876ರಲ್ಲಿ ಧಾರವಾಡದಲ್ಲಿ ಹುಟ್ಟಿದ ಪಾಲ್ವಂಕರ್ ಬಾಲೂ ಆ ಕಾಲದ ದೊಡ್ಡ ಎಡಗೈ ಸ್ಪಿನ್ನರ್. ದಲಿತ. ಪುಣೆಯಲ್ಲಿ ಹಿಂದೂ ಕ್ಲಬ್ಬಿಗೆ ಆಡುವಾಗ ಮೈದಾನದಲ್ಲಿ ಅವರು ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟುತ್ತಿದ್ದರು. ಚಹಾ ಮಾತ್ರ ಪೆವಿಲಿಯನ್ನಿನ ಹೊರಗೆ, ಬೇರೆ ಲೋಟದಲ್ಲಿ. 1911ರಲ್ಲಿ ಇಂಗ್ಲೆಂಡಿಗೆ ಹೋದ ಭಾರತದ ತಂಡದಲ್ಲಿ ಬಾಲೂ ಇದ್ದರು. ಆಗ ಧರ್ಮದ ಲೆಕ್ಕದಲ್ಲಿ ಕಟ್ಟುತ್ತಿದ್ದ ತಂಡಗಳಲ್ಲಿ ಹಿಂದೂ ತಂಡದ ನಾಯಕತ್ವ ಮಾತ್ರ ಸಿಗಲಿಲ್ಲ. ಅದು ಅವರ ತಮ್ಮ ವಿಠಲರಿಗೆ ಸಿಗುವಾಗ 1923 ಆಗಿತ್ತು. ಎಲ್ಲರಿಗೂ ಒಂದೇ ನಿಯಮ ಅಂತ ಆಟ ಹೇಳುತ್ತದೆ. ಗೆರೆಯ ಹೊರಗೆ ಆ ಮಾತು ನಡೆಯಲು ಬೇರೆ ಹೋರಾಟ ಬೇಕು.

ಇನ್ನು ನಮ್ಮ ಊರು. ಕೈಗಾರಿಕೆ ನಮಗೆ ಹೊಸದೇನಲ್ಲ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಶನರಿಗಳ ಸಂಸ್ಥೆಯಾದ ಬಾಸೆಲ್ ಮಿಶನ್ ಮಂಗಳೂರಿಗೆ ಬಂದದ್ದು 1834ರಲ್ಲಿ. 1851ರಲ್ಲಿ ನೇಯ್ಗೆ ಕಾರ್ಖಾನೆ, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ. ಗಂಟೆ ಲೆಕ್ಕದ ಕೆಲಸ, ಭಾನುವಾರದ ರಜೆ ಈ ಊರಿನ ಕೂಲಿಯವರಿಗೆ ಪರಿಚಯವಾದದ್ದು ಹೀಗೆ. 1907ರಲ್ಲಿ ಮದ್ರಾಸಿನ ಕಡೆಯಿಂದ ರೈಲೂ ಬಂತು. ಆದರೆ ಲ್ಯಾಂಕಶೈರಿನ ಹಾಗೆ ಊರಿಗೆ ಊರೇ ಗಿರಣಿಗೆ ಹೋಗಲಿಲ್ಲ. ಹೆಚ್ಚಿನವರು ಗದ್ದೆ, ತೋಟ, ಕಡಲನ್ನೇ ನಂಬಿದ್ದರು. ಗೇಣಿ ಕೊಡುವವರಿಗೆ ಶನಿವಾರ ಮಧ್ಯಾಹ್ನ ಅಂತ ಒಂದು ಬೇರೆ ಇಲ್ಲ, ಮಳೆ ಇದೆ, ಕೊಯ್ಲು ಇದೆ, ನೇಮ ಇದೆ. ಹಾಗಾಗಿ ಇಲ್ಲಿ ಸಂಘಟಿತ ಆಟ ಬಂದ ಮೊದಲ ಬಾಗಿಲು ಶಾಲೆ. ಸಂತ ಅಲೋಶಿಯಸ್ ಕಾಲೇಜು ಶುರುವಾದದ್ದು 1880ರಲ್ಲಿ. ಶಾಲೆಗಳಿಗೆ ಗಂಟೆ ಇದೆ, ಪೀರಿಯಡ್ ಇದೆ, ಸಂಜೆಗೆ ಮೈದಾನ ಇದೆ. ನಮ್ಮ ಜಿಲ್ಲೆ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. 1920ರಲ್ಲಿ ಹ್ಯಾರಿ ಬಕ್ ಎಂಬ ಅಮೆರಿಕದವರು ಮದ್ರಾಸಿನಲ್ಲಿ ವೈ.ಎಂ.ಸಿ.ಎ. (ಕ್ರೈಸ್ತ ಯುವಕರ ಸಂಘ) ದೈಹಿಕ ಶಿಕ್ಷಣ ಕಾಲೇಜು ಶುರು ಮಾಡಿದರು. ನೀವು ಓದುತ್ತಿರುವ ಕೋರ್ಸಿಗೆ ಅದು ಅಜ್ಜನ ಮನೆ.

ವಾಲಿಬಾಲ್ ಇದೇ ವೈ.ಎಂ.ಸಿ.ಎ. ಕೊಡುಗೆ. 1895ರಲ್ಲಿ ಅಮೆರಿಕದ ಹೋಲಿಯೋಕ್ ಎಂಬ ಕಾಗದ ಗಿರಣಿಯ ಪೇಟೆಯಲ್ಲಿ ವಿಲಿಯಂ ಮಾರ್ಗನ್ ಅದನ್ನು ಕಟ್ಟಿದ. ಬಾಸ್ಕೆಟ್‌ಬಾಲ್ ಆಡಿದರೆ ಏದುಸಿರು ಬಿಡುವ ನಡುವಯಸ್ಸಿನ ವ್ಯಾಪಾರಸ್ಥರಿಗೆ ಹಗುರ ವ್ಯಾಯಾಮ ಬೇಕಿತ್ತು. ಅಂಥ ಆಟ ಉಡುಪಿಯ ಹಳ್ಳಿಗಳಲ್ಲಿ ಇಷ್ಟು ಬಿರುಸಿನದಾಯಿತು ನೋಡಿ. ಕಾರಣ ಸರಳ. ಒಂದು ನೆಟ್, ಒಂದು ಚೆಂಡು, ಸಣ್ಣ ಅಂಗಳ. ಗುಡ್ಡೆ, ತೋಟದ ನಡುವೆ ಫುಟ್‌ಬಾಲಿಗೆ ಸಾಕಾಗುವಷ್ಟು ಸಮತಟ್ಟು ಜಾಗ ನಮ್ಮಲ್ಲಿ ಎಲ್ಲಿದೆ? ಅಂಡರ್ ಆರ್ಮ್ ಕ್ರಿಕೆಟ್ ಕರಾವಳಿಯಲ್ಲಿ ಬೆಳೆದದ್ದಕ್ಕೂ ಇದೇ ಕಾರಣ ಅಂತ ನನ್ನ ಅಂದಾಜು.

ಎರಡನೆಯ ಬಾಗಿಲು ಬ್ಯಾಂಕು. ಇಂಗ್ಲೆಂಡಿನಲ್ಲಿ ಕಾರ್ಖಾನೆಗಳೇ ತಂಡ ಕಟ್ಟಿದವು. ಮ್ಯಾಂಚೆಸ್ಟರ್ ಯುನೈಟೆಡ್ 1878ರಲ್ಲಿ ರೈಲ್ವೆ ಕಾರ್ಮಿಕರ ನ್ಯೂಟನ್ ಹೀತ್ ತಂಡವಾಗಿ ಶುರುವಾಯಿತು. ಆರ್ಸೆನಲ್ ಹುಟ್ಟಿದ್ದು ಮದ್ದುಗುಂಡಿನ ಕಾರ್ಖಾನೆಯಲ್ಲಿ. ನಮ್ಮ ಜಿಲ್ಲೆಯಲ್ಲಿ ಹುಟ್ಟಿದ ಬ್ಯಾಂಕುಗಳು ಆ ಜಾಗ ತುಂಬಿದವು. ಕೆನರಾ, ಕಾರ್ಪೊರೇಶನ್ ಎರಡೂ 1906ರವು. ಕರ್ಣಾಟಕ ಬ್ಯಾಂಕ್ 1924, ಸಿಂಡಿಕೇಟ್ 1925, ವಿಜಯಾ 1931. ಚೆನ್ನಾಗಿ ಆಡುವ ಹುಡುಗನಿಗೆ ಬ್ಯಾಂಕಿನಲ್ಲಿ ಕೆಲಸ ಸಿಗಬಹುದು ಅನ್ನುವ ಒಂದು ಆಸೆ ಎಷ್ಟು ಅಪ್ಪಂದಿರ ಬೈಗುಳ ನಿಲ್ಲಿಸಿದೆಯೋ! ವಿಜಯಾ ಬ್ಯಾಂಕಿನ ಕಬಡ್ಡಿ, ಬಾಸ್ಕೆಟ್‌ಬಾಲ್ ತಂಡಗಳು ರಾಜ್ಯಕ್ಕೇ ಗೊತ್ತಿದ್ದವು. 2019ರಲ್ಲಿ ವಿಜಯಾ, 2020ರಲ್ಲಿ ಕಾರ್ಪೊರೇಶನ್ ಮತ್ತು ಸಿಂಡಿಕೇಟ್ ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. ಆ ಹೆಸರಿನ ಜೆರ್ಸಿಗಳೂ ಹೋದವು. ಇದನ್ನು ಬ್ಯಾಂಕಿಂಗ್ ಸುದ್ದಿಯಾಗಿ ಓದಿದೆವು. ಕ್ರೀಡಾ ಸುದ್ದಿಯಾಗಿ ಯಾರೂ ಓದಲಿಲ್ಲ.

ಈಗ ಕಂಬಳ. ಇಂಗ್ಲೆಂಡಿನ ಫುಟ್‌ಬಾಲಿಗೆ ಆದದ್ದು ನಮ್ಮ ಕಣ್ಣೆದುರೇ ಮತ್ತೆ ಆದದ್ದು ಇಲ್ಲಿ. ಹಳೆ ಕಂಬಳ ಗುತ್ತಿನ ಮನೆಯ, ಅಂದರೆ ಊರಿನ ದೊಡ್ಡ ಜಮೀನಿನ ಮನೆತನದ, ಗದ್ದೆಯಲ್ಲಿ, ದೈವ ದೇವರ ಲೆಕ್ಕದಲ್ಲಿ ನಡೆಯುತ್ತಿತ್ತು. ಒಕ್ಕಲಿನವರು ಕೋಣ ತರುವುದು ಮರ್ಯಾದೆಯೂ ಹೌದು, ಕಟ್ಟುಕಟ್ಟಳೆಯೂ ಹೌದು. ಗೆಲ್ಲುವುದು ಮುಖ್ಯವಲ್ಲ, ಗದ್ದೆಗೆ ಕೋಣ ಇಳಿಸುವುದೇ ಮುಖ್ಯ. ಅದರ ಇನ್ನೊಂದು ಮುಖವನ್ನೂ ಹೇಳಬೇಕು. ಕಂಬಳದ ಹಿಂದಿನ ರಾತ್ರಿ ಇಲ್ಲಿನ ಆದಿವಾಸಿಗಳಾದ ಕೊರಗರು ಆ ಗದ್ದೆಯ ಬಳಿ ಚಳಿಯಲ್ಲಿ ಕೂರಬೇಕಿತ್ತು, ಡೋಲು ಬಾರಿಸಬೇಕಿತ್ತು. ಅದಕ್ಕೆ ತುಳುವಿನಲ್ಲಿ ಪನಿ ಕುಲ್ಲುನಿ (ಇಬ್ಬನಿಯಲ್ಲಿ ಕೂರುವುದು) ಅನ್ನುತ್ತಿದ್ದರು. ಕೊರಗರನ್ನು ಹೀಗೆ ಅವಮಾನಿಸುವ ಅಜಲು ಪದ್ಧತಿಗೆ ನಿಷೇಧ ಹಾಕುವ ರಾಜ್ಯದ ಕಾಯ್ದೆ ಬಂದದ್ದು 2000ದಲ್ಲಿ. ಹಳೆ ಕಂಬಳ ಎಲ್ಲರ ಹಬ್ಬ ಅಂತ ಸೆಮಿನಾರಿನಲ್ಲಿ ಸುಲಭವಾಗಿ ಹೇಳಬೇಡಿ. ಎಲ್ಲರೂ ಅಲ್ಲಿದ್ದರು, ಆದರೆ ಎಲ್ಲರ ಜಾಗ ಒಂದೇ ಆಗಿರಲಿಲ್ಲ.

1960ರ ದಶಕದ ಕೊನೆ, 70ರ ದಶಕದ ಹೊತ್ತಿಗೆ ಜೋಡುಕರೆ ಹಬ್ಬತೊಡಗಿತು. ಕರೆ ಅಂದರೆ ಕೋಣ ಓಡುವ ಕೆಸರಿನ ಹಾದಿ. ಎರಡು ಕರೆ, ಎರಡು ಜೊತೆ ಕೋಣ, ಪಕ್ಕ ಪಕ್ಕ ಓಟ. ಅದೇ ಹೊತ್ತಿಗೆ ಭೂಮಿಯ ಕಾನೂನು ಬದಲಾಯಿತು. ದೇವರಾಜ ಅರಸರ ಕಾಲದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು, ಉಳುವವನೇ ಒಡೆಯನಾದ. ಅದು ಗಟ್ಟಿಯಾಗಿ ಜಾರಿಯಾದ ಕಡೆಗಳಲ್ಲಿ ನಮ್ಮ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆ ಮುಂದಿತ್ತು. ಗುತ್ತಿನ ಹಿಡಿತ ಸಡಿಲವಾಯಿತು. ಎಷ್ಟೋ ಕಡೆ ಕಂಬಳವನ್ನು ನಡೆಸುವ ಕೆಲಸ ಸಮಿತಿಯ ಕೈಗೆ ಬಂತು. ಸಮಿತಿ ಅಂದ ಮೇಲೆ ಅಧ್ಯಕ್ಷರು, ರಶೀದಿ ಪುಸ್ತಕ, ಪ್ರಾಯೋಜಕರು, ಬ್ಯಾನರು. ಮುಂಬಯಿಯ ಹೋಟೆಲಿನವರ ಹಣ, ಆಮೇಲೆ ಗಲ್ಫ್ ಹಣ.

ರೈಲಿನ ಪಾತ್ರ ಇಲ್ಲಿ ಲಾರಿಯದು. ನಡೆಸಿಕೊಂಡು ಹೋಗುವ ಕಾಲದಲ್ಲಿ ಕೋಣ ಹತ್ತಿರದ ಗದ್ದೆಗೆ ಮಾತ್ರ. ಲಾರಿ ಬಂದ ಮೇಲೆ ಕಾರ್ಕಳದ ಕೋಣ ಪುತ್ತೂರಿಗೂ ಹೋಗುತ್ತದೆ. ದೂರದವರು ಬಂದರು, ಹಾಗಾಗಿ ನಿಯಮ ಬೇಕಾಯಿತು. ಕೋಣಕ್ಕೆ ಕಟ್ಟುವ ಸಲಕರಣೆಯ ಲೆಕ್ಕದಲ್ಲಿ ನೇಗಿಲು, ಹಗ್ಗ, ಅಡ್ಡ ಹಲಗೆ, ಕನೆ ಹಲಗೆ ಅಂತ ವಿಭಾಗ ಆಯಿತು. ಹಗ್ಗ, ನೇಗಿಲಿನಲ್ಲಿ ಕಿರಿಯ, ಹಿರಿಯ ಅಂತ ವರ್ಗ. ಜಿಲ್ಲಾ ಕಂಬಳ ಸಮಿತಿ ಸೀಸನ್ನಿನ ವೇಳಾಪಟ್ಟಿ ಹೊರಡಿಸುತ್ತದೆ. 1888ರ ಲೀಗಿನವರು ಮಾಡಿದ್ದು ಇದನ್ನೇ ಅಲ್ವಾ? ಓಟ ಮುಗಿಯುವ ತುದಿಯಾದ ಮಂಜೊಟ್ಟಿಯಲ್ಲಿ ಕಣ್ಣಳತೆಯ ತೀರ್ಪು ಹೋಗಿ ಲೇಸರ್ ಕಿರಣ, ಎಲೆಕ್ಟ್ರಾನಿಕ್ ಟೈಮರ್ ಬಂತು. ಇನ್ನೊಂದು ಬದಲಾವಣೆ ಯಾರೂ ಹೆಚ್ಚು ಹೇಳುವುದಿಲ್ಲ. ಟಿಲ್ಲರ್, ಟ್ರ್ಯಾಕ್ಟರ್ ಬಂದು ಉಳುವ ಕೋಣಕ್ಕೆ ಕೆಲಸ ಇಲ್ಲದಾಯಿತು. ಈಗಿನ ಕಂಬಳದ ಕೋಣ ಗದ್ದೆ ಉಳುವುದಿಲ್ಲ. ಅದಕ್ಕೆ ಹುರುಳಿ, ಎಣ್ಣೆ ಮಾಲೀಶು, ಈಜು, ಅಭ್ಯಾಸದ ಓಟ. ಅಂದರೆ ಯಂತ್ರ ಬಂದು ದುಡಿಯುವ ಪ್ರಾಣಿಯನ್ನು ಪೂರ್ತಿ ಸಮಯದ ಕ್ರೀಡಾಪಟು ಮಾಡಿತು. ಕೈಗಾರಿಕೀಕರಣ ಇಲ್ಲಿ ಗದ್ದೆಯ ಒಳಗಿಂದಲೇ ಬಂದಿದೆ.

2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಮಿಜಾರಿನ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಓಡಿದ್ದು ನಿಮಗೆ ನೆನಪಿರಬಹುದು. ಯಾರೋ ಅದನ್ನು 100 ಮೀಟರಿಗೆ ಇಳಿಸಿ 9.55 ಅಂದರು. ಉಸೇನ್ ಬೋಲ್ಟ್ ಅವರ 9.58ರ ಪಕ್ಕ ಇಟ್ಟರು. ದೇಶವೇ ಕುಣಿಯಿತು. ಕೋಣ ಎಳೆಯುವ ಓಟವನ್ನು ಸ್ಟಾರ್ಟಿಂಗ್ ಬ್ಲಾಕಿನ ಓಟದ ಜೊತೆ ಹೋಲಿಸುವುದು ಸರಿಯಲ್ಲ, ಗೌಡರೇ ಕೋಣಗಳ ಹೆಸರು ಹೇಳಿ ದೊಡ್ಡತನ ತೋರಿದರು. ಆದರೆ ಆ ಹೋಲಿಕೆ ಮಾಡಲು ಸಾಧ್ಯವಾದದ್ದೇ ಅಲ್ಲಿ ಅಳತೆ, ಗಡಿಯಾರ ಇದ್ದದ್ದರಿಂದ. ಗುತ್ತಿನ ಗದ್ದೆಯ ಕಾಲದಲ್ಲಿ ಆ ಪ್ರಶ್ನೆಯೇ ಹುಟ್ಟುವುದಿಲ್ಲ. ಕರೆಯ ಉದ್ದ ಇನ್ನೂ ಊರಿಂದ ಊರಿಗೆ ಬೇರೆ, ಹಾಗಾಗಿ ‘ದಾಖಲೆ’ ಅನ್ನುವ ಮಾತು ಕಂಬಳದಲ್ಲಿ ಪೂರ್ತಿ ಕೂರುವುದಿಲ್ಲ. ಗೌಡರು ಆಗ ಕಟ್ಟಡ ಕೆಲಸ ಮಾಡುತ್ತಿದ್ದರು. ಹೆನ್ಲಿಯ ನಿಯಮ ಇಲ್ಲಿದ್ದಿದ್ದರೆ ಅವರಿಗೆ ಕರೆಗೆ ಇಳಿಯಲೂ ಬಿಡುತ್ತಿರಲಿಲ್ಲ.

ಸಭ್ಯ-ಅಸಭ್ಯದ ಪ್ರಶ್ನೆ ಇಟ್ಟುಕೊಳ್ಳಿ ಅಂದಿದ್ದೆ. 2014ರಲ್ಲಿ ಸುಪ್ರೀಂ ಕೋರ್ಟ್ ಜಲ್ಲಿಕಟ್ಟು ಪ್ರಕರಣದಲ್ಲಿ ಕೊಟ್ಟ ತೀರ್ಪಿನ ಬಿಸಿ ಕಂಬಳಕ್ಕೂ ತಟ್ಟಿತು. ಓಟ ನಿಂತಿತು. ರಾಜ್ಯ ಕಾನೂನು ತಿದ್ದಿತು. 2023ರ ಮೇ 18ರಂದು ಸುಪ್ರೀಂ ಕೋರ್ಟ್ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಕೋಣಕ್ಕೆ ಬಾರುಕೋಲಿನ ಪೆಟ್ಟು ತಪ್ಪಬೇಕು ಅನ್ನುವುದರಲ್ಲಿ ನನಗೆ ಎರಡು ಮಾತಿಲ್ಲ. ಕುದುರೆ ರೇಸಿನ ಚಾಟಿಯ ಬಗ್ಗೆ ಅಷ್ಟೇ ಜೋರು ದನಿ ಯಾಕೆ ಇಲ್ಲ ಅನ್ನುವುದೂ ಕೇಳಬೇಕಾದ ಮಾತೇ.

ಹೊತ್ತಿನ ವಿಷಯಕ್ಕೆ ಮತ್ತೆ ಬರೋಣ. ಶನಿವಾರ ಮಧ್ಯಾಹ್ನ ನಮಗೆ ಸಿಗಲಿಲ್ಲ ಅಂದೆ. ಹಾಗಾದರೆ ಮೀನಿನ ಬೋಟಿನವರು, ಗಾರೆ ಕೆಲಸದವರು, ರಿಕ್ಷಾದವರು ಕಬಡ್ಡಿ ಆಡುವುದು ಯಾವಾಗ? ರಾತ್ರಿ. ವಿದ್ಯುತ್ ದೀಪದ ಕೆಳಗೆ ಮೊದಲು ಫುಟ್‌ಬಾಲ್ ಆಡಿದವರು ಶೆಫೀಲ್ಡಿನವರು, 1878ರಲ್ಲಿ. ಆದರೆ ಇಂಗ್ಲಿಷ್ ಫುಟ್‌ಬಾಲಿನಲ್ಲಿ ದೀಪದ ಪಂದ್ಯ ರೂಢಿಗೆ ಬರಲು ಎಷ್ಟೋ ದಶಕ ಹಿಡಿಯಿತು. ಅವರಿಗೆ ಹಗಲಿತ್ತು. ನಮಗೆ ಇರಲಿಲ್ಲ. ‘ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟ’ ಅನ್ನುವ ಪೋಸ್ಟರ್ ನವೆಂಬರಿನಿಂದ ಮೇ ತನಕ ಪ್ರತಿ ಜಂಕ್ಷನ್ನಿನಲ್ಲಿ ಕಾಣುತ್ತದೆ. ಯುವಕ ಮಂಡಲದ ದಶಮಾನೋತ್ಸವ, ನಗದು ಬಹುಮಾನ, ಶಾಶ್ವತ ಫಲಕ, ಸವ್ಯಸಾಚಿ ಆಟಗಾರ ಪ್ರಶಸ್ತಿ. ನಮ್ಮ ಕ್ರೀಡೆಗೆ ಕಾರ್ಖಾನೆ ಕಾಯ್ದೆ ಮಾಡದ್ದನ್ನು ಕರೆಂಟು ಮಾಡಿತು ಅಂತ ನಾನು ಧೈರ್ಯವಾಗಿ ಹೇಳುತ್ತೇನೆ. ಸೆಮಿನಾರಿನಲ್ಲಿ ಇದನ್ನೇ ನಿಮ್ಮ ಮುಖ್ಯ ವಾದ ಮಾಡಿಕೊಳ್ಳಬಹುದು.

ಈ ರಾತ್ರಿಯಲ್ಲಿ ಯಾರು ಇಲ್ಲ ಅಂತಲೂ ನೋಡಿ. ಹೆಂಗಸರು. ಇಂಗ್ಲೆಂಡಿನ ಪ್ರೆಸ್ಟನ್‌ನ ಡಿಕ್, ಕೆರ್ ಕಾರ್ಖಾನೆಯ ಹೆಂಗಸರು ಮೊದಲ ಮಹಾಯುದ್ಧದಲ್ಲಿ ಮದ್ದುಗುಂಡು ಮಾಡುತ್ತಲೇ ಫುಟ್‌ಬಾಲ್ ತಂಡ ಕಟ್ಟಿದರು. 1920ರ ಡಿಸೆಂಬರ್ 26ರಂದು ಲಿವರ್‌ಪೂಲ್‌ನಲ್ಲಿ ಅವರ ಆಟ ನೋಡಲು 53,000 ಜನ ಬಂದರು. ಮರುವರ್ಷ ಡಿಸೆಂಬರಿನಲ್ಲಿ ಫುಟ್‌ಬಾಲ್ ಅಸೋಸಿಯೇಶನ್ ತನ್ನ ಕ್ಲಬ್ಬುಗಳ ಮೈದಾನಗಳಲ್ಲಿ ಹೆಂಗಸರ ಆಟಕ್ಕೆ ನಿಷೇಧ ಹಾಕಿತು. ಅದು ಸುಮಾರು 50 ವರ್ಷ ಇತ್ತು. ಅಷ್ಟಾದರೂ ಅವರಿಗೆ ಒಂದು ಕಾರ್ಖಾನೆ ಇತ್ತು. ಒಟ್ಟಿಗೆ ಕೆಲಸ, ಒಟ್ಟಿಗೆ ಬಿಡುವು, ಪಕ್ಕದಲ್ಲೇ ಅಂಗಳ. ನಮ್ಮ ಜಿಲ್ಲೆಗಳಲ್ಲಿ ಹೆಂಗಸರ ದೊಡ್ಡ ಕೈಗಾರಿಕೆ ಬೀಡಿ. ಅದು ನಡೆಯುವುದು ಮನೆಯ ಜಗಲಿಯಲ್ಲಿ. ಕೂಲಿ ಸಾವಿರ ಬೀಡಿಗೆ ಇಷ್ಟು ಅಂತ, ಗಂಟೆಗೆ ಅಲ್ಲ. ಅಡುಗೆ ಮುಗಿಸಿ ಎಲೆ ಕತ್ತರಿಸಬೇಕು, ಮಗು ಮಲಗಿಸಿ ಸುತ್ತಬೇಕು. ಸೈರನ್ ಇಲ್ಲದ ಕೆಲಸಕ್ಕೆ ಮುಗಿಯುವ ಹೊತ್ತೇ ಇಲ್ಲ. ತಂಡ ಹುಟ್ಟುವುದು ಎಲ್ಲಿಂದ? ಹಾಗಾಗಿ ನಮ್ಮಲ್ಲಿ ಹುಡುಗಿಯರು ಕ್ರೀಡೆಗೆ ಬರುವುದು ಶಾಲೆ, ಕಾಲೇಜು, ಹಾಸ್ಟೆಲಿನ ಮೂಲಕ. ಮದುವೆಯಾದ ಮೇಲೆ ಆ ಬಾಗಿಲು ಮುಚ್ಚುತ್ತದೆ.

ಕಾರ್ಕಳ ತಾಲೂಕಿನ ಹೆರ್ಮುಂಡೆಯ ಮಮತಾ ಪೂಜಾರಿಯವರ ದಾರಿ ನೋಡಿದರೆ ಇದು ಅರ್ಥವಾಗುತ್ತದೆ. 2010 ಮತ್ತು 2014ರ ಏಷ್ಯನ್ ಗೇಮ್ಸ್ ಕಬಡ್ಡಿ ಚಿನ್ನ, 2012ರ ವಿಶ್ವಕಪ್ ಗೆದ್ದ ತಂಡದ ನಾಯಕಿ, 2014ರಲ್ಲಿ ಅರ್ಜುನ ಪ್ರಶಸ್ತಿ. ಇಷ್ಟು ವರ್ಷ ಆಡಲು ನೆಲೆ ಕೊಟ್ಟದ್ದು ದಕ್ಷಿಣ ಮಧ್ಯ ರೈಲ್ವೆಯ ಉದ್ಯೋಗ. ಕುಂದಾಪುರ ಕಡೆಯ ವಂಡ್ಸೆಯ ಗುರುರಾಜ ಪೂಜಾರಿ 2018ರ ಕಾಮನ್‌ವೆಲ್ತ್‌ನಲ್ಲಿ ವೇಟ್‌ಲಿಫ್ಟಿಂಗ್ ಬೆಳ್ಳಿ, 2022ರಲ್ಲಿ ಕಂಚು ಗೆದ್ದರು. ಅಪ್ಪ ಚಾಲಕ, ಮಗನಿಗೆ ವಾಯುಪಡೆಯ ಕೆಲಸ. 1883ರಲ್ಲಿ ಎರಕದ ಕಾರ್ಖಾನೆಯ ಮಾಲಿಕ ಮಾಡಿದ್ದನ್ನು ಇಲ್ಲಿ ರೈಲ್ವೆ, ಸೇನೆ, ಬ್ಯಾಂಕು ಮಾಡುತ್ತಿವೆ: ಆಡುವವರ ಹೊತ್ತಿಗೆ ಸಂಬಳ ಕೊಡುವುದು.

ಕೊನೆಗೆ ನಿಮ್ಮ ಎರಡನೆಯ ಪ್ರಶ್ನೆ. ಕಂಬಳ ಅಂತ ಒಂದೇ ಹೆಸರಿನಲ್ಲಿ ಎರಡು ಬೇರೆ ಸಂಗತಿ ಇವೆ. ದೇವರ ಕಂಬಳ ಇದೆ. ಅಲ್ಲಿ ಪೂಕರೆ (ಹೂವಿನಿಂದ ಅಲಂಕರಿಸಿದ ಕಂಬ) ಹಾಕುವುದು, ಪ್ರಸಾದ, ಹರಕೆಯ ಕೋಣ. ಅದನ್ನು ಆಚರಣೆ ಅಂತಲೇ ಬರೆಯಿರಿ. ಮೂಡುಬಿದಿರೆಯ ಕೋಟಿ-ಚೆನ್ನಯದಂಥ ಜೋಡುಕರೆ ಕಂಬಳ ಇದೆ. ಅದರಲ್ಲಿ ವರ್ಗ, ಅಳತೆ, ತೀರ್ಪುಗಾರರು, ವೇಳಾಪಟ್ಟಿ, ಬಹುಮಾನ ಎಲ್ಲ ಇವೆ. ಅದನ್ನು ಕ್ರೀಡೆ ಅನ್ನಲು ಹಿಂಜರಿಕೆ ಬೇಡ. 2023ರ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಕರೆ ತೋಡಿ ಓಡಿಸಿದರಲ್ಲ, ಅಲ್ಲಿ ಗದ್ದೆಯೂ ಇರಲಿಲ್ಲ, ಆ ಜಾಗದ ದೈವವೂ ಇರಲಿಲ್ಲ, ಆದರೂ ಓಟ ನಡೆಯಿತು. ಊರು ಬಿಟ್ಟು ಬೇರೆ ಕಡೆ ಅದೇ ನಿಯಮದಲ್ಲಿ ಆಡಲು ಬಂದರೆ ಅದು ಕ್ರೀಡೆಯಾಗಿದೆ ಅಂತ ಅರ್ಥ. ಪೊಳಲಿ ಚೆಂಡನ್ನು ಹಾಗೆ ಬೆಂಗಳೂರಿಗೆ ಒಯ್ಯಲು ಆಗುವುದಿಲ್ಲ. ಸೆಮಿನಾರಿಗೆ ಹೋಗುವ ಮೊದಲು ನಿಮ್ಮೂರಿನ ಹತ್ತಿರದ ಎರಡು ಬಗೆಯ ಕಂಬಳದವರನ್ನೂ ಮಾತಾಡಿಸಿ. ದಿನ ಗೊತ್ತು ಮಾಡುವವರು ಯಾರು, ಗೆದ್ದವರ ಹೆಸರು ಬರೆದಿಡುತ್ತಾರಾ, ಖರ್ಚು ಯಾರದು ಅಂತ ಕೇಳಿ. ಈ ಮೂರು ಉತ್ತರ ಸಿಕ್ಕಿದರೆ ನಿಮ್ಮ ಸೆಮಿನಾರಿಗೆ ಬೇಕಾದದ್ದು ಸಿಕ್ಕ ಹಾಗೆ.